ಬೋರ್ಡ್ ಹಾರಿಹೋದ ಕಟಿಂಗ್ ಶಾಪ್, ಸೋಮವಾರಪೇಟೆ: ಐದಕ್ಕೆ ನಾಲ್ಕು ಸ್ಟಾರ್

ಮೊದಲೇ ಹೇಳಿಬಿಡುತ್ತೇನೆ, ಈ ಅಂಗಡಿ ಮ್ಯಾಪಿನಲ್ಲಿ ಸಿಗುವುದಿಲ್ಲ. ಬೋರ್ಡೂ ಇಲ್ಲ. ಇದ್ದ ಬೋರ್ಡು ಒಂದು ಮಳೆಗಾಲದ ಗಾಳಿಗೆ ಹಾರಿ ಪಕ್ಕದ ಗೊಬ್ಬರದಂಗಡಿಯ ಶೀಟಿನ ಮೇಲೆ ಬಿತ್ತು. ಅಲ್ಲಿ ಸೋರುತ್ತಿದ್ದ ಜಾಗ ಸರಿಯಾಗಿ ಮುಚ್ಚಿಹೋಯಿತು ಅಂತ ಅವರು ಹಾಗೇ ಬಿಟ್ಟುಕೊಂಡರು, ಇವರೂ ವಾಪಸ್ ಕೇಳಲಿಲ್ಲ. ಹೆಸರು ಹಾಕಿ ಬರೆಯುತ್ತೇನೆ ಅಂದಿದ್ದಕ್ಕೆ, "ಬೇಡ ಅಣ್ಣ, ಆಮೇಲೆ ಟೂರಿಸ್ಟ್‌ಗಳು ಬಂದು ಫೋಟೋ ಹೊಡೀತಾರೆ, ನಮ್ ಗಿರಾಕಿಗಳು ಬಾಯಿ ಮುಚ್ಕೊಂಡ್ಬಿಡ್ತಾರೆ" ಅಂದರು. ಅದಕ್ಕೇ ಹೆಸರಿಲ್ಲ. ಪೇಟೆಯಲ್ಲಿ ಬಸ್ ಇಳಿದು ಬೋರ್ಡ್ ಹಾರಿಹೋದ ಕಟಿಂಗ್ ಶಾಪ್ ಯಾವುದು ಅಂತ ಕೇಳಿ, ಯಾರಾದರೂ ತೋರಿಸುತ್ತಾರೆ.

ಒಳಗೆ ಎರಡು ಕುರ್ಚಿ. ಬಾಗಿಲ ಹತ್ತಿರದ್ದು ಸರಿ ಇದೆ. ಒಳಗಿನದು ಕೂತ ಮೇಲೆ ನಿಧಾನಕ್ಕೆ ಕೆಳಗಿಳಿಯುತ್ತದೆ, ಕಟಿಂಗ್ ಮುಗಿಯುವ ಹೊತ್ತಿಗೆ ಕನ್ನಡಿಯಲ್ಲಿ ಹಣೆ ಮಾತ್ರ ಕಾಣುತ್ತದೆ. ಗೋಡೆಗೆ ಒಂದು ಉದ್ದ ಬೆಂಚು, ಮೂಲೆಯಲ್ಲಿ ರೇಡಿಯೋ, ಅದರಲ್ಲಿ ಮಡಿಕೇರಿ ಆಕಾಶವಾಣಿ. ಕಟಿಂಗ್ 120, ಶೇವಿಂಗ್ 60, ಎಣ್ಣೆ ಹಾಕಿ ತಲೆ ಮಸಾಜ್ 100. ಪ್ರತಿ ಗಿರಾಕಿಗೂ ಹೊಸ ಬ್ಲೇಡು, ಕವರ್ ನಿಮ್ಮ ಕಣ್ಣ ಮುಂದೆಯೇ ಹರಿಯುತ್ತಾರೆ. ಇದು ಸಣ್ಣ ವಿಷಯ ಅಲ್ಲ, ಒಬ್ಬರ ಬ್ಲೇಡು ಇನ್ನೊಬ್ಬರಿಗೆ ಹಾಕಿದರೆ ಹೆಪಟೈಟಿಸ್ ಬಿ, ಸಿ ಎರಡೂ ಹರಡಬಹುದು. ಟವೆಲ್ ಬಗ್ಗೆ ಮಾತ್ರ ಅಷ್ಟು ಭರವಸೆ ಕೊಡಲಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಊರಿನಲ್ಲಿ ಯಾರ ಮನೆಯ ಬಟ್ಟೆಯೂ ಒಣಗುವುದಿಲ್ಲ, ಅವರ ಟವೆಲ್ ಹೇಗೆ ಒಣಗಬೇಕು? ಮಳೆಗಾಲದಲ್ಲಿ ನಿಮ್ಮದೇ ತಗೊಂಡು ಹೋಗಿ.

ಮಾಲೀಕರು ಪಿರಿಯಾಪಟ್ಟಣದ ಕಡೆಯವರು, ಇಲ್ಲಿಗೆ ಬಂದು ಮೂವತ್ತು ವರ್ಷದ ಮೇಲಾಯಿತು. ನನ್ನನ್ನು ಅಣ್ಣ ಅನ್ನುತ್ತಾರೆ, ನಾನೂ ಅವರನ್ನು ಅಣ್ಣ ಅನ್ನುತ್ತೇನೆ. ಯಾರು ದೊಡ್ಡವರು ಅಂತ ಇಬ್ಬರೂ ಲೆಕ್ಕ ಹಾಕಿಲ್ಲ. (ಅವರೇ ದೊಡ್ಡವರು, ಹದಿನೈದು ವರ್ಷಕ್ಕೆ.)

ಈಗ ಮಸಾಜ್ ವಿಷಯಕ್ಕೆ ಬರೋಣ, ಯಾಕೆಂದರೆ ಜನ ಇಲ್ಲಿಗೆ ಬರುವುದೇ ಅದಕ್ಕೆ. ಅಣ್ಣ ಗಡಿಬಿಡಿ ಮಾಡುವುದಿಲ್ಲ. ಬೆರಳು ಹಣೆಯಿಂದ ಹಿಂದಕ್ಕೆ ಹೋಗುವುದು ಎಷ್ಟು ನಿಧಾನ ಅಂದರೆ ಮೊದಲ ಸಲ ನನಗೆ ಇವರು ನಿದ್ದೆ ಮಾಡುತ್ತಿದ್ದಾರಾ ಅನ್ನಿಸಿತ್ತು. ಆಮೇಲೆ ಗೊತ್ತಾಯಿತು, ಈ ನಿಧಾನಕ್ಕೂ ಒಂದು ಲೆಕ್ಕ ಇದೆ. ಸ್ವೀಡನ್ನಿನ ಕೆಲವು ವಿಜ್ಞಾನಿಗಳು ಕಂಡುಕೊಂಡ ವಿಷಯ ಇದು: ನಮ್ಮ ಚರ್ಮದಲ್ಲಿ ಕೆಲವು ನರಗಳಿವೆ, ಚುಚ್ಚಿದ್ದು, ಒತ್ತಿದ್ದು ಅವಕ್ಕೆ ಅಷ್ಟು ಮುಖ್ಯವಲ್ಲ, ಮೃದುವಾಗಿ ಸವರಿದರೆ ಮಾತ್ರ ಚೆನ್ನಾಗಿ ಎಚ್ಚರಗೊಳ್ಳುತ್ತವೆ, ಅದೂ ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದಲ್ಲಿ ಸವರಿದರೆ. ತಾಯಿ ಮಗುವಿನ ಬೆನ್ನು ಸವರುವ ವೇಗ ಹೆಚ್ಚುಕಮ್ಮಿ ಅದೇ. ಅಣ್ಣನಿಗೆ ಈ ಸೆಂಟಿಮೀಟರ್ ಲೆಕ್ಕ ಹೇಳಿದೆ. "ಅದನ್ನ ನಮ್ಮಪ್ಪ ಹೇಳ್ಕೊಟ್ಟಿದ್ದು, ಅವರು ಓದಿರ್ಲಿಲ್ಲ" ಅಂದರು.

ಆ ದಿನ ಕುರ್ಚಿಯಲ್ಲಿ ಕೂತು ಲೆಕ್ಕ ಹಾಕಿದೆ. ನನ್ನ ಹೆಂಡತಿ, ಮಗಳನ್ನು ಬಿಟ್ಟರೆ ಈ ವರ್ಷ ನನ್ನನ್ನು ಯಾರು ಮುಟ್ಟಿದ್ದಾರೆ? ಕೈ ಕುಲುಕಿದವರಿದ್ದಾರೆ. ಮದುವೆ ಮನೆಯಲ್ಲಿ ಬೆನ್ನಿಗೆ ಗುದ್ದಿದವರಿದ್ದಾರೆ. ಪ್ರೀತಿಯಿಂದ ತಲೆ ಮೇಲೆ ಕೈ ಇಟ್ಟ ಗಂಡಸು ಇವರೊಬ್ಬರೇ, ಅದಕ್ಕೂ ನೂರು ರೂಪಾಯಿ ಕೊಡುತ್ತೇನೆ. ಬೆಂಚಿನ ಮೇಲೆ ಕೂತವರ ಲೆಕ್ಕವೂ ಇದಕ್ಕಿಂತ ಬೇರೆ ಇರಲಾರದು.

ಒಂದು ಎಚ್ಚರಿಕೆ. ಮಸಾಜ್ ಕೊನೆಗೆ ಕತ್ತು ಹಿಡಿದು ಲಟಕ್ ಅನ್ನಿಸುತ್ತಾರಲ್ಲ, ಅದು ಬೇಡ ಅನ್ನಿ. ಇವರಿಗೆ ಮಾತ್ರ ಹೇಳುತ್ತಿಲ್ಲ, ಎಲ್ಲ ಕಟಿಂಗ್ ಶಾಪಿಗೂ ಅನ್ವಯ. ಕತ್ತಿನ ಒಳಗೆ ಮಿದುಳಿಗೆ ರಕ್ತ ಒಯ್ಯುವ ರಕ್ತನಾಳ ಇರುತ್ತದೆ, ಜೋರಾಗಿ ತಿರುಚಿದಾಗ ಅದರ ಒಳಪದರ ಹರಿದು ಪಾರ್ಶ್ವವಾಯು ಬಡಿದ ಉದಾಹರಣೆಗಳಿವೆ. ನಾನು ಬೇಡ ಅಂದಾಗ ಅಣ್ಣ ಬೇಜಾರು ಮಾಡಿಕೊಳ್ಳಲಿಲ್ಲ, ಆದರೆ ಬೆಂಚಿನಿಂದ ಒಬ್ಬರು "ಹೆದರ್ಕೊಂಡ್ರಾ?" ಅಂದರು. ನೋಡಿ, ಕತ್ತು ಉಳಿಸಿಕೊಳ್ಳುವುದಕ್ಕೂ ಗಂಡಸು ಧೈರ್ಯದ ಪರೀಕ್ಷೆ ಕೊಡಬೇಕು.

ಬೆಂಚಿನ ಬಗ್ಗೆ ಹೇಳಲೇಬೇಕು. ಇದು ಕಾಯುವವರ ಬೆಂಚು ಅನ್ನುವುದು ಹೆಸರಿಗೆ. ಕಟಿಂಗ್ ಇಲ್ಲದವರೂ ಬಂದು ಕೂರುತ್ತಾರೆ. ಸೋಮವಾರ ಸಂತೆ ದಿನ ಅಂತೂ ಜಾಗವೇ ಇರುವುದಿಲ್ಲ. ಮಾತು ಯಾವಾಗಲೂ ಒಂದೇ ಪ್ರಶ್ನೆಯಿಂದ ಶುರು: "ನಿಮ್ ಕಡೆ ಎಷ್ಟು ಬಂತು?" ಮಳೆ ವಿಷಯ. ಕೊಡಗಿನವರಿಗೆ ವಿವರಿಸಬೇಕಿಲ್ಲ, ಹೊರಗಿನವರಿಗೆ ಹೇಳುತ್ತೇನೆ: ನಮ್ಮಲ್ಲಿ ತೋಟ ಇರುವ ಹೆಚ್ಚಿನ ಮನೆಗಳಲ್ಲಿ ಮಳೆ ಅಳೆಯುವ ಪಾತ್ರೆ ಇರುತ್ತದೆ, ಬೆಳಿಗ್ಗೆ ಎದ್ದು ನೋಡಿ ಇಂಚು, ಸೆಂಟ್ ಲೆಕ್ಕದಲ್ಲಿ ಕ್ಯಾಲೆಂಡರಿನ ಚೌಕದೊಳಗೆ ಬರೆದಿಡುತ್ತಾರೆ. ಸೆಂಟ್ ಅಂದರೆ ಇಂಚಿನ ನೂರನೇ ಒಂದು ಪಾಲು. ಫೆಬ್ರವರಿ, ಮಾರ್ಚಿನಲ್ಲಿ ಕಾಫಿ ಹೂ ಬಿಡಿಸುವ ಮಳೆ ಎಷ್ಟು ಬಿತ್ತು ಅನ್ನುವುದರ ಮೇಲೆ ವರ್ಷದ ಬದುಕು ನಿಂತಿರುತ್ತದೆ. ಹಾಗಾಗಿ "ಎಷ್ಟು ಬಂತು" ಅಂದರೆ ನಮ್ಮ ಗಂಡಸರ ಭಾಷೆಯಲ್ಲಿ "ಹೇಗಿದ್ದೀಯ" ಅಂತ. "ನಲವತ್ತು ಸೆಂಟ್ ಅಷ್ಟೇ ಮಾರಾಯ" ಅಂತ ಒಬ್ಬ ಹೇಳುವ ಧಾಟಿಯಲ್ಲೇ ಅವನಿಗೆ ಸಾಲ ಇದೆಯಾ, ಮನೆಯಲ್ಲಿ ಜಗಳವಾ ಎಲ್ಲ ಇರುತ್ತದೆ, ಕೇಳುವವರಿಗೆ ಕೇಳುತ್ತದೆ. ಆದರೆ ಮುಂದಿನ ಪ್ರಶ್ನೆ ಯಾರೂ ಕೇಳುವುದಿಲ್ಲ. ಕಾಳುಮೆಣಸಿನ ರೇಟು, ತೋಟಕ್ಕೆ ಬಂದ ಆನೆ, ಅಷ್ಟರಲ್ಲಿ ಕುರ್ಚಿ ಖಾಲಿ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮಾದಾಪುರ, ಹಟ್ಟಿಹೊಳೆ ಕಡೆ ಗುಡ್ಡ ಜಾರಿದಾಗ ಅಣ್ಣ ಕತ್ತರಿ, ಬ್ಲೇಡಿನ ಪೆಟ್ಟಿಗೆ ಎತ್ತಿಕೊಂಡು ಪರಿಹಾರ ಕೇಂದ್ರಕ್ಕೆ ಹೋಗಿದ್ದರಂತೆ. ಮನೆ, ತೋಟ ಎರಡೂ ಕಳೆದುಕೊಂಡು ಬಂದ ಗಂಡಸರು ಅಧಿಕಾರಿಗಳಿಗೆ ಸರ್ವೆ ನಂಬರ್ ಹೇಳುತ್ತಿದ್ದರು, ಹೆಂಡತಿ ಮಕ್ಕಳಿಗೆ ಏನೂ ಆಗಲ್ಲ ಸುಮ್ನಿರಿ ಅನ್ನುತ್ತಿದ್ದರು. ಗಡ್ಡಕ್ಕೆ ಸೋಪು ಹಚ್ಚಿ ಬ್ಲೇಡು ಇಟ್ಟ ಮೇಲೆ ಕಣ್ಣು ಮುಚ್ಚಿಕೊಂಡು ಮಾತಾಡಲು ಶುರು ಮಾಡುತ್ತಿದ್ದರಂತೆ. "ಬ್ಲೇಡ್ ಗಂಟ್ಲ ಹತ್ರ ಇದ್ದಾಗ ಮಾತಾಡ್ಬೇಡಿ ಅಂತ ನಾವೇ ಹೇಳ್ತೀವಿ ಅಲ್ವಾ, ಅವತ್ತು ಹೇಳ್ಲಿಲ್ಲ, ಬ್ಲೇಡ್ ತೆಗೆದಿಟ್ಟು ಕೇಳಿದೆ." ಅವತ್ತು ಕೇಳಿದ್ದನ್ನು ಅವರು ಯಾರಿಗೂ ಹೇಳಿಲ್ಲ, ನನಗೂ.

ಹೋಲಿಕೆಗೆ ಹೇಳುತ್ತೇನೆ, ಮೈಸೂರಿನ ಒಂದು ದೊಡ್ಡ ಎಸಿ ಸಲೂನಿಗೂ ಹೋಗಿದ್ದೇನೆ. ಕಟಿಂಗ್ ಚೆನ್ನಾಗಿತ್ತು. 650 ರೂಪಾಯಿ. ಹುಡುಗ ಕಿವಿಗೆ ಇಯರ್‌ಫೋನ್ ಹಾಕಿಕೊಂಡಿದ್ದ, ನನ್ನ ತಲೆ ಅವನಿಗೆ ಒಂದು ತೆಂಗಿನಕಾಯಿ. ಹಾಗಂತ ಎಲ್ಲ ದೊಡ್ಡ ಸಲೂನೂ ಹಾಗೇ ಅಂತ ಅಲ್ಲ.

ಇನ್ನು ನಾನು ಯಾಕೆ ಕಟಿಂಗ್ ಶಾಪಿಗೆ ಇಷ್ಟುದ್ದ ರಿವ್ಯೂ ಬರೆಯುತ್ತಿದ್ದೇನೆ ಅನ್ನುವುದು.

ಎರಡು ವರ್ಷದ ಹಿಂದೆ ಜುಲೈನಲ್ಲಿ ಅಮ್ಮ ಹೋದರು. ನಮ್ಮ ಮನೆ ಪದ್ಧತಿ ಪ್ರಕಾರ ಮಗ ತಲೆ ಬೋಳಿಸಬೇಕು, ಅಣ್ಣನಿಗೇ ಹೇಳಿಕಳಿಸಿದೆವು. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ಪ್ಲಾಸ್ಟಿಕ್ ಶೀಟಿನ ಕೆಳಗೆ ಕೂತಿದ್ದೆ. ಜಗಲಿ ತುಂಬ ಜನ. ಅಲ್ಲಿವರೆಗೆ ನಾನು ಒಂದು ಹನಿ ಅತ್ತಿರಲಿಲ್ಲ. ಕಟ್ಟಿಗೆ, ಶಾಮಿಯಾನ, ಊರಿಂದ ಬರುವವರಿಗೆ ಜೀಪು, ಎಲ್ಲ ನಾನೇ ನೋಡಿಕೊಂಡಿದ್ದೆ, "ಗಟ್ಟಿ ಹುಡುಗ" ಅಂತ ನಾಲ್ಕು ಜನ ಬೆನ್ನು ತಟ್ಟಿದ್ದರು. ಕತ್ತಿ ನೆತ್ತಿಯಿಂದ ಕೆಳಗೆ ಬಂದು ಮೊದಲ ಕೂದಲು ತೊಡೆ ಮೇಲೆ ಬಿತ್ತು ನೋಡಿ, ತಡೆಯಲಾಗಲಿಲ್ಲ. ಭುಜ ಅಲುಗಿದ್ದು ಅಣ್ಣನಿಗೆ ಗೊತ್ತಾಯಿತು. ಅವರು ಏನೂ ಮಾತಾಡಲಿಲ್ಲ. ಕತ್ತಿ ಪಕ್ಕಕ್ಕಿಟ್ಟು, ಬಕೆಟ್ಟಿನಿಂದ ಒಂದು ಚೊಂಬು ನೀರು ತೆಗೆದು ನನ್ನ ತಲೆ ಮೇಲೆ ಸುರಿದರು. ಇನ್ನೊಂದು. ಮತ್ತೊಂದು. ಅಷ್ಟು ನೀರು ಬೇಕಾಗಿರಲಿಲ್ಲ. ಮುಖ ಪೂರ್ತಿ ಒದ್ದೆ ಆಗುವವರೆಗೆ ಸುರಿದರು, ಜಗಲಿಯಲ್ಲಿದ್ದವರಿಗೆ ಯಾವುದು ನೀರು ಯಾವುದು ಅಳು ಅಂತ ಗೊತ್ತಾಗದ ಹಾಗೆ. ಎಡಗೈ ನನ್ನ ಹಿಂದಲೆ ಮೇಲೆ ಇತ್ತು, ಕೊನೆವರೆಗೂ ತೆಗೆಯಲಿಲ್ಲ. ಇಷ್ಟು ದಿನ ನಾನು ಕಂಡ ಸರ್ವಿಸ್‌ನಲ್ಲಿ ಇದಕ್ಕಿಂತ ದೊಡ್ಡದು ಯಾವುದೂ ಇಲ್ಲ.

ಅದೇ ಹೊತ್ತಿಗೆ ಜಗಲಿಯ ಇನ್ನೊಂದು ತುದಿಯಲ್ಲಿ ಅಪ್ಪ ಕೂತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

ಅಪ್ಪ ಮಿಲಿಟರಿಯವರು, ಸುಬೇದಾರ್ ಆಗಿ ರಿಟೈರ್ ಆದವರು. ನಮ್ಮ ಕಡೆ ಇದು ಹೊಸದಲ್ಲ. ಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾಗಿ 1949ರ ಜನವರಿ 15ರಂದು ಅಧಿಕಾರ ವಹಿಸಿಕೊಂಡ ಕಾರ್ಯಪ್ಪನವರು ಹುಟ್ಟಿದ್ದು ಇಲ್ಲೇ ಪಕ್ಕದ ಶನಿವಾರಸಂತೆಯಲ್ಲಿ. ಅಪ್ಪ ನನಗೆ ಚಿಕ್ಕಂದಿನಲ್ಲಿ ಹೇಳುತ್ತಿದ್ದ ಕಥೆಯೂ ಅವರದ್ದೇ. 1965ರ ಯುದ್ಧದಲ್ಲಿ ಅವರ ಮಗನ ವಿಮಾನ ಬಿದ್ದು ಪಾಕಿಸ್ತಾನದವರಿಗೆ ಸೆರೆ ಸಿಕ್ಕಿದರು. ಆಗಿನ ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಹಿಂದೆ ಕಾರ್ಯಪ್ಪನವರ ಕೈಕೆಳಗೆ ಇದ್ದವರು, ಮಗನನ್ನು ಬಿಡುತ್ತೇನೆ ಅಂತ ಹೇಳಿಕಳಿಸಿದರು. ಉಳಿದ ಸೈನಿಕರಿಗೆ ಇಲ್ಲದ್ದು ನನ್ನ ಮಗನಿಗೂ ಬೇಡ ಅಂದುಬಿಟ್ಟರು ಇವರು. ಅಪ್ಪ ಈ ಕಥೆ ಮುಗಿಸಿದಾಗ ಎದೆ ಉಬ್ಬಿಸಿ ಕೂರುತ್ತಿದ್ದರು. ನನಗೂ ಹೆಮ್ಮೆಯೇ, ಈಗಲೂ. ಆದರೆ ದೊಡ್ಡವನಾದ ಮೇಲೆ ಬೇರೆ ಒಂದು ಕುತೂಹಲ: ಆ ಮಗ ವಾಪಸ್ ಮನೆಗೆ ಬಂದ ದಿನ ಅಪ್ಪ ಮಗ ಏನು ಮಾತಾಡಿರಬಹುದು? ಕಥೆಯಲ್ಲಿ ಆ ಭಾಗ ಬರುವುದೇ ಇಲ್ಲ. ಯಾರೂ ಕೇಳಿಲ್ಲ, ನಾನೂ ಅಪ್ಪನನ್ನು ಕೇಳಲಿಲ್ಲ.

ನಮ್ಮ ಮನೆಯಲ್ಲಿ ಅಪ್ಪನಿಗೂ ನನಗೂ ನಡುವೆ ಅಮ್ಮ ಟೆಲಿಫೋನ್ ಎಕ್ಸ್‌ಚೇಂಜ್. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗ ಫೋನ್ ಮಾಡಿದರೆ, ಅಪ್ಪ ಎತ್ತಿದರೆ ಮಾತು ಇಷ್ಟೇ: "ಹ್ಞಾಂ. ಮಳೆ ಇದ್ಯಾ ಅಲ್ಲಿ? ಅಮ್ಮಂಗೆ ಕೊಡ್ತೀನಿ." ಆಮೇಲೆ ಅಮ್ಮನ ಬಾಯಲ್ಲಿ ಅಪ್ಪನ ಮಾತು ಬರುತ್ತಿತ್ತು, ಅಪ್ಪ ಕೇಳ್ತಿದ್ರು ಜ್ವರ ಬಿಡ್ತಾ ಅಂತ, ಅಪ್ಪ ಹೇಳ್ತಿದ್ರು ಗಾಡಿ ನಿಧಾನ ಓಡ್ಸು ಅಂತ. ನಿಮ್ಮ ಮನೆಯಲ್ಲೂ ಹೀಗೇ ಅಲ್ವಾ? ಅಮ್ಮ ಹೋದ ಮೇಲೆ ಲೈನ್ ಕಟ್. ತೋಟ ನೋಡಿಕೊಳ್ಳಲು ನಾನು ಊರಿಗೇ ಬಂದುಬಿಟ್ಟೆ, ಹೆಂಡತಿ ಮಗಳೂ ಬಂದರು, ಒಂದೇ ಮನೆಯಲ್ಲಿ ಅಪ್ಪ ಮಗ ಇಬ್ಬರು ಬಾಡಿಗೆದಾರರ ಹಾಗೆ ಓಡಾಡಿಕೊಂಡಿದ್ದೆವು. "ಅವರ ಜೊತೆ ಸ್ವಲ್ಪ ಮಾತಾಡಿ ರೀ" ಅಂತ ಹೆಂಡತಿ ಹೇಳುತ್ತಿದ್ದಳು. ಏನಂತ ಮಾತಾಡಲಿ? ಮಳೆ ನಿಂತಿತ್ತು.

ಒಂದು ದಿನ ಹಳೆ ಕ್ಯಾಲೆಂಡರ್ ತಿರುವಿ ನೋಡಿದೆ. ಅಮ್ಮ ಹೋದ ತಾರೀಖಿನ ಚೌಕದಲ್ಲಿ ಅಪ್ಪನ ಕೈಬರಹ: 2.40. ಎರಡು ಇಂಚು ನಲವತ್ತು ಸೆಂಟ್. ಅವತ್ತು ಬೆಳಿಗ್ಗೆಯೂ ಎದ್ದು ಹೋಗಿ ಅಳೆದಿದ್ದಾರೆ. ಅದರ ಮುಂದಿನ ಹನ್ನೊಂದು ಚೌಕ ಖಾಲಿ. ಮೂವತ್ತು ವರ್ಷದ ಕ್ಯಾಲೆಂಡರ್ ಕಟ್ಟಿಟ್ಟಿದ್ದಾರೆ, ಮಳೆಗಾಲದಲ್ಲಿ ಅಷ್ಟು ಖಾಲಿ ಚೌಕ ಬೇರೆಲ್ಲೂ ಇಲ್ಲ.

ಆಮೇಲೆ ಅಪ್ಪನ ಕೈ ನಡುಗಲು ಶುರುವಾಯಿತು. ಜೀವನಪೂರ್ತಿ ಬೆಳಿಗ್ಗೆ ಐದೂವರೆಗೆ ಶೇವ್ ಮಾಡಿಕೊಂಡ ಮನುಷ್ಯ, ಕೆನ್ನೆ ತುಂಬ ಗಾಯ ಮಾಡಿಕೊಂಡು, ಪಟಿಕ ಉಜ್ಜಿಕೊಂಡು ತಿಂಡಿಗೆ ಬಂದು ಕೂರುತ್ತಿದ್ದರು. ನಾವು ನೋಡಿದರೂ ನೋಡದ ಹಾಗೆ ಇದ್ದೆವು. ಡಾಕ್ಟರಿಗೆ ತೋರಿಸಲು ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಮ್ಮನ ವಿಷಯ ಬಂದಾಗ ಅಪ್ಪನ ಗಂಟಲು ಸ್ವಲ್ಪ ಕಟ್ಟಿತು, ಅಷ್ಟಕ್ಕೇ ಅಲ್ಲಿದ್ದವರೊಬ್ಬರು ನಗುತ್ತಾ "ಏನ್ ಸರ್, ಮಿಲಿಟರಿಯವರಾಗಿ ನೀವೇ ಹಿಂಗಾದ್ರೆ?" ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದಿದ್ದು. ಅಪ್ಪ ಅವತ್ತಿನಿಂದ ಆ ಆಸ್ಪತ್ರೆಯಲ್ಲಿ ಕಾಲು ನೋವಿನ ಬಗ್ಗೆ ಮಾತ್ರ ಮಾತಾಡುತ್ತಾರೆ.

ಹೀಗಾಗಿ ಮನೆಗೆ ಬಂದು ಶೇವ್ ಮಾಡುತ್ತೀರಾ ಅಂತ ಅಣ್ಣನನ್ನು ಕೇಳಿದೆ. ಬುಧವಾರ, ಶನಿವಾರ, ಮಧ್ಯಾಹ್ನ ಅಂಗಡಿಯಲ್ಲಿ ಜನ ಕಡಿಮೆ ಇರುವ ಹೊತ್ತಿಗೆ. ಒಂದು ಸಲಕ್ಕೆ 150, ಪೆಟ್ರೋಲೂ ಅದರಲ್ಲೇ. ಈ ಹೋಮ್ ಸರ್ವಿಸ್ ಬಗ್ಗೆ ಬೇರೆ ಯಾರಿಗೂ ಗೊತ್ತಿಲ್ಲ, ಹಾಸಿಗೆ ಹಿಡಿದವರು, ವಯಸ್ಸಾದವರು ಮನೆಯಲ್ಲಿದ್ದರೆ ಕೇಳಿ ನೋಡಿ. ಹೇಳಿದ ಹೊತ್ತಿಗಿಂತ ಅರ್ಧ ಗಂಟೆ ತಡವಾಗಿಯೇ ಬರುತ್ತಾರೆ, ಅದಕ್ಕೆ ಸಿದ್ಧರಾಗಿರಿ.

ಕೆಲಸ ಹೇಗೆ ಮಾಡುತ್ತಾರೆ ಅಂದರೆ, ಜಗಲಿಯಲ್ಲಿ ಅಪ್ಪನ ಬೆತ್ತದ ಕುರ್ಚಿಯನ್ನು ತೋಟದ ಕಡೆ ತಿರುಗಿಸಿ ಹಾಕುತ್ತಾರೆ. ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಹಿಂಡಿ ಮುಖದ ಮೇಲೆ ಹೊದಿಸುತ್ತಾರೆ. ತಾವು ಹಿಂದೆ ನಿಲ್ಲುತ್ತಾರೆ. ಅಪ್ಪನ ಕಣ್ಣು ಸಿಲ್ವರ್ ಮರಗಳ ಮೇಲೆ, ಇವರ ಕಣ್ಣು ಅಪ್ಪನ ಕೆನ್ನೆ ಮೇಲೆ, ಇಬ್ಬರ ಕಣ್ಣೂ ಸೇರುವುದಿಲ್ಲ. ಗಲ್ಲವನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎತ್ತುತ್ತಾರೆ, ಅಪ್ಪ ಮಗುವಿನ ಹಾಗೆ ಎತ್ತಿಸಿಕೊಳ್ಳುತ್ತಾರೆ. ಮೂರನೇ ವಾರವೋ ನಾಲ್ಕನೇ ವಾರವೋ, ನಾನು ಒಳಗೆ ಕಾಫಿ ಸೋಸುತ್ತಿದ್ದೆ. ಅಪ್ಪನ ದನಿ ಕೇಳಿಸಿತು. "ಈ ಮನೇಲಿ ಈಗ ನನ್ನ 'ರೀ' ಅನ್ನೋರು ಯಾರೂ ಇಲ್ಲ ಕಣಯ್ಯ."

ಅಣ್ಣ "ಹ್ಞೂಂ" ಅಂದರು. ಸಮಾಧಾನ ಹೇಳಲಿಲ್ಲ, ದೇವರಿದ್ದಾನೆ ಅನ್ನಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಈ ಕಡೆ ತಿರುಗಿ ಸುಬೇದಾರ್ರೇ" ಅಂದರು. ಅಪ್ಪ ತಿರುಗಿದರು, ಮತ್ತೆ ಮಾತಾಡಿದರು. ನಾನು ಕಾಫಿ ಲೋಟ ಹಿಡಿದು ಬಾಗಿಲ ಹಿಂದೆ ನಿಂತಿದ್ದೆ. ಹೊರಗೆ ಹೋದರೆ ಮಾತು ನಿಲ್ಲುತ್ತದೆ ಅಂತ ಗೊತ್ತಿತ್ತು. ಕಾಫಿ ಆರಿತು, ಇನ್ನೊಂದು ಸಲ ಮಾಡಿದೆ. ನಿಜ ಹೇಳಬೇಕೆಂದರೆ ಹೊಟ್ಟೆಕಿಚ್ಚೂ ಆಯಿತು. ಎಂಟು ತಿಂಗಳು ಒಂದೇ ಸೂರಿನ ಕೆಳಗೆ ಇದ್ದು ನನಗೆ ಸಿಗದ ಮಾತು ನೂರೈವತ್ತು ರೂಪಾಯಿಯ ಶೇವಿಂಗಿಗೆ ಸಿಕ್ಕಿತಲ್ಲ ಅಂತ.

ಅವತ್ತು ಗೇಟಿನ ತನಕ ಬಿಡಲು ಹೋದಾಗ ಅಣ್ಣ ಗಾಡಿ ಸ್ಟಾರ್ಟ್ ಮಾಡದೆ ನಿಂತರು. "ಕೋವಿ ಮನೇಲೇ ಇದ್ಯಾ ಅಣ್ಣ?" ಅಂದರು. ಇದೆ ಅಂದೆ. "ಸ್ವಲ್ಪ ದಿನ ಸ್ಟೇಷನ್ನಲ್ಲಿ ಇಟ್ಬಿಡಿ. ಸುಮ್ನೆ ಹೇಳ್ದೆ." ಸುಮ್ನೆ ಹೇಳಿದ್ದಲ್ಲ ಅಂತ ಇಬ್ಬರಿಗೂ ಗೊತ್ತು. ನನಗೆ ಕಾಲು ತಣ್ಣಗಾಯಿತು.

ಎಲೆಕ್ಷನ್ ಬಂದಾಗಲೆಲ್ಲ ನಮ್ಮ ಜಿಲ್ಲೆಯಲ್ಲಿ ಕೋವಿ ಡೆಪಾಸಿಟ್ ಇಡುವುದು ಮಾಮೂಲಿ, ಹಾಗಾಗಿ ಲೈಸೆನ್ಸ್ ಕೆಲಸ ಇದೆ ಅಂತ ಒಂದು ನೆಪ ಹೇಳಿ ಸ್ಟೇಷನ್ನಿಗೆ ಕೊಟ್ಟು ಬಂದೆ, ಅಪ್ಪ ಏನೂ ಕೇಳಲಿಲ್ಲ. ಆ ರಾತ್ರಿ ಕೂತು ಅಂಕಿಅಂಶ ಹುಡುಕಿದೆ. 2022ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡವರು 1,70,924 ಜನ ಅನ್ನುತ್ತದೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ. ಅದರಲ್ಲಿ ಗಂಡಸರು 1,22,724. ಹತ್ತರಲ್ಲಿ ಏಳು. ಕಾರಣ ಒಂದೇ ಇರುವುದಿಲ್ಲ, ಸಾಲ, ಕಾಯಿಲೆ, ಕುಡಿತ, ಸಂಸಾರ ಎಲ್ಲ ಇರುತ್ತದೆ. ಆದರೆ ಅಷ್ಟು ಗಂಡಸರಲ್ಲಿ ಎಷ್ಟು ಜನ ಹಿಂದಿನ ದಿನ ಯಾವುದೋ ಬೆಂಚಿನ ಮೇಲೆ ಕೂತು "ನಿಮ್ ಕಡೆ ಎಷ್ಟು ಬಂತು" ಅಂತ ಮಾತಾಡಿ ಎದ್ದು ಹೋಗಿರಬಹುದು ಅಂತ ಯೋಚನೆ ಬಂದು ನಿದ್ದೆ ಹತ್ತಲಿಲ್ಲ. 14416 ಅಂತ ಒಂದು ನಂಬರ್ ಇದೆ, ಟೆಲಿ ಮಾನಸ್, ಮನಸ್ಸಿನ ಕಷ್ಟ ಹೇಳಿಕೊಳ್ಳುವವರಿಗೆ ಸರ್ಕಾರದ ಸಹಾಯವಾಣಿ, 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು. ಫ್ರೀ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮೊದಲು ನಾನೇ ಮಾಡಿದೆ, ಅಪ್ಪನಿಗೆ ಏನು ಹೇಳಲಿ ಅಂತ ಕೇಳಲು. ಆಮೇಲೆ ನೋಡಿದರೆ ಇಪ್ಪತ್ತು ನಿಮಿಷ ನನ್ನದೇ ವಿಷಯ ಮಾತಾಡಿದ್ದೆ. ಆ ನಂಬರನ್ನು ಅಣ್ಣನ ಕನ್ನಡಿಯ ಮೂಲೆಯಲ್ಲೂ ಚೀಟಿಯಲ್ಲಿ ಬರೆದು ಅಂಟಿಸಿದ್ದೇನೆ. ಯಾರೋ ಅದರ ಕೆಳಗೆ ಕಾಫಿ ರೇಟ್ ಬರೆದಿದ್ದಾರೆ. ಇರಲಿ.

ಗೋಣಿಕೊಪ್ಪದ ನನ್ನ ಕೊಡವ ಗೆಳೆಯನಿಗೆ ಕೋವಿ ವಿಷಯ ಹೇಳಿದೆ. ಅವರಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು ಹಾರಿಸುತ್ತಾರೆ, ಯಾರಾದರೂ ಸತ್ತರೆ ಎರಡು. "ನಮ್ಮ ಗಂಡಸರದ್ದು ಒಟ್ಟು ಮೂರೇ ಶಬ್ದ ನೋಡು, ಮೂರಕ್ಕೂ ಟ್ರಿಗರ್ ಎಳೆಯೋರು ಬೇರೆಯವರು" ಅಂದ. ತಮಾಷೆಗೆ ಹೇಳಿದ್ದು. ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಫೋನ್ ಹಿಡಿದುಕೊಂಡು ಸುಮ್ಮನಿದ್ದೆವು, ಇಪ್ಪತ್ತು ವರ್ಷದ ಸ್ನೇಹದಲ್ಲಿ ಅದು ಮೊದಲ ಸಲ.

ಈಗ ಒಂದು ಸ್ಟಾರ್ ಯಾಕೆ ಕಟ್ ಅಂತ ಹೇಳುತ್ತೇನೆ.

ಈ ಅಂಗಡಿಯಲ್ಲಿ ಚಿಕ್ಕ ಹುಡುಗರು ಬಂದರೆ ಕುರ್ಚಿಯ ಎರಡು ಕೈಗಳ ಮೇಲೆ ಒಂದು ಹಲಗೆ ಅಡ್ಡ ಇಟ್ಟು ಅದರ ಮೇಲೆ ಕೂರಿಸುತ್ತಾರೆ. ನಾನೂ ಒಂದು ಕಾಲದಲ್ಲಿ ಅಂಥದೇ ಹಲಗೆ ಮೇಲೆ ಕೂತವನು. ಮಷೀನ್ ಗುರ್ ಅಂದ ಕೂಡಲೇ ಮಗು ಅಳುತ್ತದೆ. ಆಗ ನಮ್ಮ ಇದೇ ಅಣ್ಣ, ನೀರು ಸುರಿದು ನನ್ನ ಅಳು ಮುಚ್ಚಿದ ಅಣ್ಣ, ಏನು ಹೇಳುತ್ತಾರೆ ಗೊತ್ತಾ? "ಏಯ್, ಗಂಡುಡ್ಗ ಅಳ್ತಾನೇನೋ? ಅತ್ರೆ ಮೀಸೆ ಬರಲ್ಲ ನೋಡು." ಬೆಂಚು ಪೂರ್ತಿ ನಗುತ್ತದೆ. ಮಗು ತುಟಿ ಕಚ್ಚಿಕೊಂಡು ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಳ್ಳುತ್ತದೆ. ಅಲ್ಲಿಂದಲೇ ಶುರು.

ಅಣ್ಣನಿಗೆ ನೇರವಾಗಿ ಹೇಳಿದೆ. "ಅತ್ರೆ ತಲೆ ಅಲ್ಲಾಡುತ್ತೆ, ಕಿವಿಗೆ ಕತ್ರಿ ತಾಗುತ್ತೆ ಅಣ್ಣ. ಏನೋ ಒಂದು ಹೇಳಿ ನಿಲ್ಲಿಸ್ಬೇಕಲ್ಲ" ಅಂದರು. ಅದೂ ಸರಿ. ಆದರೆ ಮುಂದೆ ಅವರೇ ಇನ್ನೊಂದು ಮಾತು ಹೇಳಿದರು: ಏಳನೇ, ಎಂಟನೇ ಕ್ಲಾಸಿನವರೆಗೆ ಹುಡುಗರು ಜೋಡಿ ಜೋಡಿ ಬರುತ್ತಾರೆ, ಹೆಗಲ ಮೇಲೆ ಕೈ ಹಾಕಿಕೊಂಡು, ಒಬ್ಬನ ಕಟಿಂಗ್ ಮುಗಿಯುವವರೆಗೆ ಇನ್ನೊಬ್ಬ ಕುರ್ಚಿ ಪಕ್ಕದಲ್ಲೇ ನಿಂತಿರುತ್ತಾನೆ. ಪಿಯುಸಿಗೆ ಬರುವ ಹೊತ್ತಿಗೆ ಕೈ ಇಳಿದಿರುತ್ತದೆ, ಒಬ್ಬ ಬೆಂಚಿನ ಈ ತುದಿ, ಒಬ್ಬ ಆ ತುದಿ. ನ್ಯೂಯಾರ್ಕ್ ಯೂನಿವರ್ಸಿಟಿಯ ನಿಯೋಬಿ ವೇ ಅನ್ನುವ ಪ್ರೊಫೆಸರ್ ವರ್ಷಗಟ್ಟಲೆ ಅಲ್ಲಿನ ಹುಡುಗರನ್ನು ಮಾತಾಡಿಸಿ ಹೇಳಿರುವುದೂ ಹೆಚ್ಚುಕಮ್ಮಿ ಇದನ್ನೇ. ಹದಿಮೂರು, ಹದಿನಾಲ್ಕರಲ್ಲಿ ಗೆಳೆಯನಿಲ್ಲದೆ ಇರಲಾರೆ ಅನ್ನುವ ಹುಡುಗರು ಹದಿನಾರು, ಹದಿನೇಳಕ್ಕೆ ಬರುವಷ್ಟರಲ್ಲಿ ನನಗೇನೂ ಬೇಕಿಲ್ಲ ಅನ್ನಲು ಕಲಿಯುತ್ತಾರಂತೆ. ಅವರು ಮೈಕ್ ಹಿಡಿದು ಕಂಡುಕೊಂಡಿದ್ದನ್ನು ಇವರು ಕತ್ತರಿ ಹಿಡಿದು ಕಂಡಿದ್ದಾರೆ, ಆದರೂ ಹಲಗೆ ಮೇಲೆ ಕೂತ ಮಗುವಿಗೆ ಮೀಸೆ ಬರಲ್ಲ ಅನ್ನುತ್ತಾರೆ. ಅದಕ್ಕೇ ಒಂದು ಸ್ಟಾರ್ ಇಲ್ಲ. ಸದ್ಯಕ್ಕೆ ಹಲಗೆ ಪಕ್ಕ ಒಂದು ಡಬ್ಬಿ ಪೆಪ್ಪರ್‌ಮಿಂಟ್ ಬಂದಿದೆ. ಅರ್ಧ ಸ್ಟಾರ್ ವಾಪಸ್ ಕೊಡಬಹುದೇನೋ, ಆದರೆ ಅರ್ಧ ಹಾಕಲು ಬರುವುದಿಲ್ಲವಲ್ಲ.

ಮಂಗಳವಾರ ರಜೆ. ಸೋಮವಾರ ಹೋಗಬೇಡಿ, ಹೋದರೂ ಬೆಂಚಿಗೆ ಹೋಗಿ. ಫೋನ್ ಪೇ ಇದೆ, ನೆಟ್‌ವರ್ಕ್ ಇಲ್ಲ, ಚಿಲ್ಲರೆ ಇಟ್ಟುಕೊಳ್ಳಿ.

ಕಳೆದ ತಿಂಗಳು ಅಣ್ಣ ಮಗಳ ಬಾಣಂತನಕ್ಕೆ ಅಂತ ಊರಿಗೆ ಹೊರಟರು. ಹೊರಡುವ ಮುಂಚೆ ಬ್ರಷ್, ಸೋಪು, ಹತ್ತು ಬ್ಲೇಡು ಒಂದು ಕವರಿನಲ್ಲಿ ಹಾಕಿ ನನ್ನ ಕೈಗೆ ಕೊಟ್ಟು, "ಎರಡು ವಾರ ನೀವೇ ಮಾಡಿ" ಅಂದರು. ನನಗೆ ಬರಲ್ಲ ಅಂದೆ. "ದಿನಾ ನಿಮ್ದು ಮಾಡ್ಕೊಳಲ್ವಾ?" ಅಂದರು.

ಬುಧವಾರ ಮಧ್ಯಾಹ್ನ ಬೆತ್ತದ ಕುರ್ಚಿ ತೋಟದ ಕಡೆ ತಿರುಗಿಸಿದೆ. ಅಪ್ಪ ಏನೂ ಅನ್ನದೆ ಬಂದು ಕೂತರು. ಬಿಸಿಬಟ್ಟೆ ಹಾಕಿದೆ. ಗಲ್ಲ ಹಿಡಿಯಬೇಕು. ನನಗೆ ನೆನಪಿರುವ ಹಾಗೆ ನಾನು ಅಪ್ಪನ ಮುಖ ಮುಟ್ಟಿದ್ದು ಅದೇ ಮೊದಲು. ಚರ್ಮ ಅಷ್ಟು ತೆಳ್ಳಗಿರುತ್ತದೆ ಅಂತ ಅಂದುಕೊಂಡಿರಲಿಲ್ಲ. "ಒತ್ಬೇಡ" ಅಂದರು ಅಪ್ಪ. "ಅವ್ನು ಒತ್ತಲ್ಲ." ಸರಿ ಅಂದೆ. ಕಿವಿ ಕೆಳಗೆ ಒಂದಿಷ್ಟು ಬಿಟ್ಟುಬಿಟ್ಟೆ, ಗಲ್ಲದ ಹತ್ತಿರ ಒಂದು ಸಣ್ಣ ಗಾಯ. ಇಬ್ಬರೂ ಏನೂ ಜಾಸ್ತಿ ಮಾತಾಡಲಿಲ್ಲ. ಕೊನೆಗೆ ಅಪ್ಪ, ಅಮ್ಮನಿಗೆ ಆ ಸಿಲ್ವರ್ ಮರ ಕಡಿಯುವುದು ಇಷ್ಟ ಇರಲಿಲ್ಲ ಅಂತ ಒಂದು ಮಾತು ಹೇಳಿದರು. ಯಾವುದು ಅಂದೆ. ಕೈ ಎತ್ತಿ ತೋರಿಸಿದರು, ನಡುಗುವ ಕೈ.

ಎರಡು ವಾರ ಅಂದವರು ಮೂರು ವಾರ ಬಿಟ್ಟು ಬಂದರು. ಅಪ್ಪನ ಗಲ್ಲ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿ, "ಯಾರ್ ಸುಬೇದಾರ್ರೇ ಇದು, ತೋಟದಲ್ಲಿ ಕಳೆ ಕೊಚ್ಚಿದಂಗಿದೆ?" ಅಂದರು.

"ಕಲೀತಾನೆ ಬಿಡು" ಅಂದರು ಅಪ್ಪ.